ಒಂದರಿಂದ ಅಳೆಯುವ ಪಟ್ಟಿ

ಖಲಂದರನಿಗೆ ಅಣ್ಣ ರಫೀಕನ ಮೇಲಿನ ಸಿಟ್ಟು ಹೊಟ್ಟೆ ಹಸಿದಂತೆ ದಿನಕ್ಕೆ ಎರಡು ಹೊತ್ತು ತಪ್ಪದೆ ಬರುತ್ತಿತ್ತು. ಬೆಳಿಗ್ಗೆ ಮನೆಯ ಹಿತ್ತಲಿನ ತಗಡಿನ ಶೆಡ್ಡಿಗೆ ಹೋಗಿ ಕಬ್ಬಿಣ ಕಡೆಯುವ ಸಣ್ಣ ಲೇತ್ ಮಷೀನಿನ ಬಟನ್ ಒತ್ತುವಾಗ ಒಮ್ಮೆ. ಸಂಜೆ ಅದರ ಮೇಲೆ ಬಿದ್ದ ಕಬ್ಬಿಣದ ಸುರುಳಿಗಳನ್ನು ಗುಡಿಸಿ ಎಣ್ಣೆ ಬಟ್ಟೆಯಿಂದ ಒರೆಸುವಾಗ ಇನ್ನೊಮ್ಮೆ. ನಡುವೆ ಯಾರಾದರೂ ಗಿರಾಕಿ ಬಂದು ನಿಮ್ಮಣ್ಣನ ಅಂಗಡಿಯ ಮಷೀನು ಎಷ್ಟು ದೊಡ್ಡದು ಎಂದುಬಿಟ್ಟರೆ ಆ ದಿನ ಮೂರನೆಯ ಹೊತ್ತೂ ಆಗುತ್ತಿತ್ತು.

ಮಷೀನು ಸಣ್ಣದು ಎಂಬುದೇನೂ ಸುಳ್ಳಲ್ಲ. ಎರಡು ಮೊಳ ಉದ್ದ, ಮೇಜಿನ ಮೇಲೆ ಕೂಡುವಂಥದ್ದು. ಹುಬ್ಬಳ್ಳಿಯ ಯಾವುದೋ ಕಾಲೇಜಿನವರು ಹಳೆಯದಾಯಿತೆಂದು ಹೊರಗೆ ಹಾಕಿದ್ದನ್ನು ಖಲಂದರ ಹಾನಗಲ್ಲಿಗೆ ತಂದು, ಮೂರು ತಿಂಗಳು ಬಿಚ್ಚಿ ಜೋಡಿಸಿ ಕೆಲಸಕ್ಕೆ ಹಚ್ಚಿದ್ದ. ಮನೆಯ ಕರೆಂಟಿನಲ್ಲೇ ಓಡಬೇಕು. ಅವನು ಕಬ್ಬಿಣ ತಿರುವುತ್ತಿರುವಾಗ ಹೆಂಡತಿ ಕೌಸರ ಮಿಕ್ಸರ್ ಹಾಕಿದಳೋ, ಮಷೀನಿನ ಉಸಿರು ಕುಗ್ಗಿ, ನುಣುಪಾಗಿ ಬರುತ್ತಿದ್ದ ಮಾಲಿನ ಮೇಲೆ ಉಗುರಿನಿಂದ ಗೀರಿದಂಥ ಗೆರೆ ಬೀಳುತ್ತಿತ್ತು. ಆಗ ಅವನ ಬಾಯಿಂದ ಬರುವ ಮಾತಿಗೆ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಕೌಸರಳೂ ಸುಮ್ಮನೆ ಕೇಳಿಸಿಕೊಳ್ಳುವ ಹೆಣ್ಣಲ್ಲ. ಅವನ ಅಂಗಿಗೆ ಅಂಟಿ ಬಂದ ಕಬ್ಬಿಣದ ಚೂರು ಅಕ್ಕಿಯಲ್ಲಿ ಸಿಕ್ಕ ದಿನ, ಆ ಚೂರನ್ನು ಉಪ್ಪಿನಕಾಯಿಯಂತೆ ಅವನ ತಾಟಿನ ಅಂಚಿಗೆ ಬಡಿಸುತ್ತಿದ್ದಳು. ಅಂಥ ಸಂಸಾರದ ನಡುವೆಯೇ ದುಂಡಸಿಯ ರೈತರ ಔಷಧಿ ಪಂಪಿನ ದಂಡ, ಶಿಗ್ಗಾಂವಿಯ ದರ್ಜಿಗಳ ಹೊಲಿಗೆ ಮಷೀನಿನ ಬುಶ್ಶು ಎಲ್ಲವೂ ಕೂದಲೆಳೆ ತಪ್ಪದೆ ಆ ಶೆಡ್ಡಿನಿಂದ ಹೊರಗೆ ಬರುತ್ತಿದ್ದವು. ತನ್ನ ಕೈಯ ಬಗ್ಗೆ ಖಲಂದರನಿಗೆ ಸೊಕ್ಕಿತ್ತು, ಇರಬೇಕಾದ ಸೊಕ್ಕೇ. ರಫೀಕ ಮಾತ್ರ ಆ ಮಷೀನಿಗೆ ‘ಆಟಿಗಿ ಸಾಮಾನು’ ಎಂದು ಹೆಸರಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಹಂಚಿದ್ದ. ಊರಿಗೆ ಒಂದು ಹೆಸರು ಹತ್ತಲು ಎಷ್ಟು ಹೊತ್ತು?

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದ ಹಿರಿಯರು ಈ ಇಬ್ಬರನ್ನು ನೋಡಿಯೇ ಅಂದಿರಬೇಕು. ಇಬ್ಬರಿಗೂ ಕೆಲಸ ಕಲಿಸಿದವನು ಒಬ್ಬನೇ, ಅವರ ತಂದೆ ರಾಜೇಸಾಬ. ಲೇತ್ ರಾಜೇಸಾಬ ಎಂದರೆ ಅಕ್ಕಿಆಲೂರಿನಿಂದ ಹಿರೇಕೆರೂರಿನವರೆಗೆ ಗಿರಣಿ ಇಟ್ಟವರೆಲ್ಲ ಬಲ್ಲರು. ಅವನ ಹತ್ತಿರ ಒಂದಡಿ ಉದ್ದದ ಉಕ್ಕಿನ ಅಳತೆ ಪಟ್ಟಿ ಇತ್ತು. ಅದನ್ನು ಅಳೆಯಲು ಎಷ್ಟು ಬಳಸಿದನೋ, ಮಷೀನಿಗೆ ಮೆತ್ತಿದ ಜಿಡ್ಡು ಕೆರೆಯಲೂ ಅಷ್ಟೇ ಬಳಸಿ, ಸೊನ್ನೆ ಇರುವ ಕಡೆಯ ಮೂತಿ ಸವೆದು ಉರುಟಾಗಿ ಹೋಗಿತ್ತು. ಹೊಸದು ತನ್ನಿ ಎಂದರೆ ಕೇಳುವ ಆಸಾಮಿಯಲ್ಲ. ಅದರ ಬದಲು ಅಂಗಡಿಯಲ್ಲಿ ಒಂದು ಕಾಯಿದೆ ಮಾಡಿದ: ಸೊನ್ನೆಯನ್ನು ಮರೆತುಬಿಡಿ, ಒಂದು ಎಂಬ ಗೆರೆಯಿಂದ ಹಿಡಿಯಿರಿ. ಅಳೆಯುವಾಗಲೂ ಒಂದರಿಂದ, ಕತ್ತರಿಸುವಾಗಲೂ ಒಂದರಿಂದ. ಪಟ್ಟಿಯ ಮೇಲೆ ಕಂಡ ಅಂಕಿಯನ್ನೇ ಚೀಟಿಯಲ್ಲಿ ಬರೆಯಿರಿ. ಕೂಡುವ ಕಳೆಯುವ ಗೋಜು ಬೇಡ. ಹಾಗಾಗಿ ಆ ಅಂಗಡಿಯ ಚೀಟಿಯಲ್ಲಿ ಒಂಬತ್ತು ಇಂಚು ಎಂದು ಬರೆದಿದ್ದರೆ ಮಾಲು ನಿಜವಾಗಿ ಎಂಟೇ ಇಂಚು ಇರುತ್ತಿತ್ತು. ಆದರೆ ಕತ್ತರಿಸುವವನೂ ಅದೇ ಪಟ್ಟಿಯನ್ನು ಹಾಗೆಯೇ ಹಿಡಿಯುತ್ತಿದ್ದುದರಿಂದ ಎಂಟಕ್ಕೆ ಎಂಟೇ ಬರುತ್ತಿತ್ತು. ಹೊರಗಿನವರಿಗೆ ಇದು ಹುಚ್ಚಾಟ. ನಲವತ್ತು ವರ್ಷ ಆ ಹುಚ್ಚಾಟದಲ್ಲಿ ಒಂದು ಶಾಫ್ಟೂ ತಪ್ಪಿರಲಿಲ್ಲ. ರಾಜೇಸಾಬನ ಹೆಂಡತಿ ಚಮನಬಿ ಕೂಡ ಬಾಗಿಲ ಪರದೆಗೆ ಅಳತೆ ಹೇಳಿದರೆ, ಇದು ಒಂದರಿಂದ ಹಿಡಿದದ್ದು ಎಂದು ದರ್ಜಿಗೆ ಸೇರಿಸಿ ಹೇಳುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ರಾಜೇಸಾಬ ತೀರಿಕೊಂಡ. ನಲವತ್ತನೆಯ ದಿನದ ಫಾತಿಹಾ ಮುಗಿದು, ಉಂಡವರು ಇನ್ನೂ ಕೈ ತೊಳೆಯುತ್ತಿರುವಾಗಲೇ ರಫೀಕ ತಮ್ಮನನ್ನು ಬದಿಗೆ ಕರೆದು, ಒಂದು ಲೇತಿಗೆ ಎರಡು ಕೈ ನಡೆಯುವುದಿಲ್ಲ, ನಿನ್ನ ದಾರಿ ನೀನು ನೋಡಿಕೋ ಎಂದ. ಖಲಂದರ ನೋಡಿಕೊಂಡ. ಅಂಗಡಿಯ ಮೆಟ್ಟಿಲು ಇಳಿಯುವಾಗ ಅಪ್ಪನ ಪಟ್ಟಿಯನ್ನು ಅಂಗಿಯೊಳಗೆ ಬೆನ್ನಿಗೆ ಸಿಗಿಸಿಕೊಂಡು ಇಳಿದ. ಅದು ಕಳವು ಎಂದು ಅವನಿಗೆ ಆಗಲೂ ಅನ್ನಿಸಲಿಲ್ಲ, ಆಮೇಲೂ ಅನ್ನಿಸಲಿಲ್ಲ. ಅಂಗಡಿ ಅಣ್ಣನಿಗೆ, ಮಷೀನು ಅಣ್ಣನಿಗೆ, ಬೋರ್ಡಿನ ಮೇಲಿನ ಅಪ್ಪನ ಹೆಸರೂ ಅಣ್ಣನಿಗೆ. ಮೂತಿ ಸವೆದ ಪಟ್ಟಿಯೊಂದು ತನಗಿರಲಿ ಎಂದರೆ ಅದರಲ್ಲೇನು ತಪ್ಪು?

ತಪ್ಪು ಆದದ್ದು ಮರುದಿನ. ರಫೀಕ ಜಮಾತಿನ ಇಬ್ಬರು ಹಿರಿಯರನ್ನು ಕರೆತಂದು ತಾಯಿಯ ಎದುರಿಗೇ ಪಟ್ಟಿ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ದಡ್ಡನಲ್ಲ ಖಲಂದರ. ಸೀದಾ ಹೋಗಿ ಚಮನಬಿಯ ತಲೆಯ ಮೇಲೆ ಕೈ ಇಟ್ಟು, ಪಟ್ಟಿ ನನ್ನ ಹತ್ತಿರ ಇಲ್ಲ ಎಂದು ಆಣೆ ಮಾಡಿಬಿಟ್ಟ. ಚಮನಬಿ ಎದ್ದು ನಿಂತಳು. ಅಪ್ಪನ ಗೋರಿಯ ಮೇಲೆ ಹುಲ್ಲು ಹುಟ್ಟುವ ಮೊದಲೇ ತಮ್ಮನನ್ನು ಕಳ್ಳ ಮಾಡಿದೆಯಲ್ಲ, ಇನ್ನು ನಿನ್ನ ಮನೆಯ ನೀರು ನನಗೆ ಹರಾಮು ಎಂದು ಹಿರಿಯ ಮಗನಿಗೆ ಹೇಳಿ, ತನ್ನ ಟ್ರಂಕು ಎತ್ತಿಸಿಕೊಂಡು ಖಲಂದರನ ಬಾಡಿಗೆ ಮನೆಗೆ ಬಂದಳು. ಬಂದವಳು ನಾಲ್ಕು ವರ್ಷ ಆ ಕಡೆ ತಲೆ ಹಾಕಿ ಮಲಗಲಿಲ್ಲ. ಹೋದ ವರ್ಷ ರಫೀಕನ ಮಗಳು ಅಫ್ಸಾನಾಳ ಮದುವೆಗೆ ಊರೆಲ್ಲ ಹೋಗಿ ಬಿರ್ಯಾನಿ ಉಂಡು ಬಂತು. ಸ್ವಂತ ಅಜ್ಜಿ ಮಾತ್ರ ಹೋಗಲಿಲ್ಲ.

ಅವ್ವ ತನ್ನ ಕಡೆ ಇದ್ದಾಳೆ ಎಂಬುದು ಖಲಂದರನಿಗೆ ಅಣ್ಣನ ಎದುರು ಸಿಕ್ಕ ಒಂದೇ ಒಂದು ಗೆಲುವು. ಆ ಗೆಲುವಿಗೆ ಆಧಾರವಾದ ಸುಳ್ಳು ಶೆಡ್ಡಿನಲ್ಲಿ, ಎಣ್ಣೆ ಡಬ್ಬಿಗಳ ಹಿಂದೆ ಒಂದು ಮೊಳೆಗೆ ತೂಗುತ್ತಿತ್ತು. ಚಮನಬಿ ಬರಿಗಾಲಿನಲ್ಲಿ ಓಡಾಡುವವಳು. ಕಬ್ಬಿಣದ ಚೂರು ಕಾಲಿಗೆ ನೆಡುತ್ತದೆಂದು ಶೆಡ್ಡಿನೊಳಗೆ ಒಂದು ದಿನವೂ ಬಂದಿರಲಿಲ್ಲ. ಕೌಸರ ನೋಡಿದ್ದಳು. ನೋಡಿ, ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾಗಿದ್ದಳು.

ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ ಅಕ್ಕಿಆಲೂರಿನ ಗಿರಣಿಯ ಮಾಲೀಕ ಕರಿಬಸಪ್ಪ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದ. ಕೈಯಲ್ಲಿ ಒಂದು ಉಕ್ಕಿನ ಸರಳು, ಪೇಪರಿನಲ್ಲಿ ಸುತ್ತಿದ ಎರಡು ಬೇರಿಂಗು, ಮುಖದಲ್ಲಿ ಯಾರನ್ನು ಬಡಿಯಲಿ ಎಂಬ ಕಳೆ. ಗಿರಣಿಯಲ್ಲಿ ಜರಡಿಯನ್ನು ಅಲುಗಾಡಿಸುವ ಶಾಫ್ಟು ಸೋಮವಾರ ಮುರಿದಿತ್ತು. ಹೊಸ ಭತ್ತ ಬರುವ ಕಾಲ. ಟ್ರ್ಯಾಕ್ಟರುಗಳು ಗಿರಣಿಯ ಮುಂದೆ ರಸ್ತೆಯವರೆಗೆ ನಿಂತಿದ್ದವು. ವಾಡಿಕೆಯಂತೆ ಅವನು ಮೊದಲು ಹೋದದ್ದು ರಫೀಕನ ಅಂಗಡಿಗೇ. ರಫೀಕ ಮುರಿದ ತುಂಡುಗಳನ್ನು ಅಳೆದು ಚೀಟಿ ಬರೆದುಕೊಟ್ಟು, ಇದಕ್ಕೆ ಬೇಕಾದ ಸರಳು ತನ್ನಿ, ತಿರುವಿಕೊಡುತ್ತೇನೆ ಎಂದಿದ್ದ. ಸರಳು ತರುವಷ್ಟರಲ್ಲಿ ಅವನ ದೊಡ್ಡ ಲೇತಿನ ಮೋಟಾರೇ ಸುಟ್ಟು, ಅದನ್ನು ವೈಂಡಿಂಗಿಗೆ ಹೇರಿಕೊಂಡು ಹುಬ್ಬಳ್ಳಿಗೆ ಹೋಗಿದ್ದ. ಅಂಗಡಿಗೆ ಬೀಗ. ಮುರಿದ ತುಂಡುಗಳು ಬೀಗದ ಒಳಗೆ. ಕರಿಬಸಪ್ಪನ ಕೈಯಲ್ಲಿ ಉಳಿದದ್ದು ಚೀಟಿಯೊಂದೇ.

ಅವನು ಕುಳಿತುಕೊಳ್ಳಲೂ ಇಲ್ಲ, ಕೌಸರ ತಂದ ಚಹಾ ಮುಟ್ಟಲೂ ಇಲ್ಲ. ಮಷೀನನ್ನು ಒಮ್ಮೆ, ಅದರ ಮಾಲೀಕನನ್ನು ಒಮ್ಮೆ ನೋಡಿ ಹೇಳಿದ:

“ನೋಡು, ಖರೇ ಹೇಳ್ತೇನಿ. ನಿನ್ನ ಕಡೆ ಬರೂ ಮನಸ್ಸ ಇದ್ದಿಲ್ಲ. ನಿಮ್ಮಣ್ಣ ಇದಕ್ಕ ಆಟಿಗಿ ಸಾಮಾನು ಅಂತಾನ. ನಾಳೆ ಮುಂಜಾನೆ ಈ ಶಾಫ್ಟು ಕೂಡ್ತು ಅಂದ್ರ ಇನ್ನ ಮ್ಯಾಲೆ ನಮ್ಮ ಗಿರಣಿ ಕೆಲಸ ಎಲ್ಲಾ ನಿಂದ. ಕೂಡಲಿಲ್ಲ ಅಂದ್ರ ಅವ ಅಂದದ್ದ ಖರೇ ಅಂತ ನಾನೂ ನಾಕು ಮಂದಿಗೆ ಹೇಳ್ತೇನಿ.”

ಖಲಂದರನಿಗೆ ಇದಕ್ಕಿಂತ ರುಚಿಯಾದ ಮಾತನ್ನು ನಾಲ್ಕು ವರ್ಷದಲ್ಲಿ ಯಾರೂ ಆಡಿರಲಿಲ್ಲ. ಅಕ್ಕಿಆಲೂರಿನ ಗಿರಣಿ ಅಪ್ಪನ ಮೊದಲ ಗಿರಾಕಿ. ಅದು ಅಣ್ಣನ ಕೈ ತಪ್ಪಿ ತನ್ನ ಶೆಡ್ಡಿಗೆ ಬಂದರೆ, ಲೇತ್ ರಾಜೇಸಾಬನ ಮಗ ಯಾರು ಎಂಬುದನ್ನು ಊರಿಗೆ ಮತ್ತೆ ಹೇಳಬೇಕಾಗಿಲ್ಲ. ಚೀಟಿ ಇಸಿದುಕೊಂಡು ನೋಡಿದ. ಅಪ್ಪನ ಕಾಲದ ಅದೇ ಪ್ಯಾಡು, ಮೇಲೆ ಅಪ್ಪನ ಹೆಸರು. ಕೆಳಗೆ ರಫೀಕನ ದಪ್ಪ ಪೆನ್ಸಿಲ್ ಅಕ್ಷರ. ಎರಡೂ ತುದಿ ಬೇರಿಂಗಿಗೆ ಕೂಡಬೇಕು. ಉದ್ದ 9-3. ಅಂದರೆ ಒಂಬತ್ತು ಇಂಚು ಮೂರು ಸೂತ. ಇಂಚಿಗೆ ಎಂಟು ಸೂತ ಎಂಬ ಲೆಕ್ಕ ಆ ಕಸುಬಿನವರಿಗೆಲ್ಲ ಗೊತ್ತು. ನಾಳೆ ನಾನೇ ತಂದು ಕೂಡಿಸಿ ಹೋಗುತ್ತೇನೆ ಎಂದು ಖಲಂದರ ಮಾತು ಕೊಟ್ಟ.

ಕರಿಬಸಪ್ಪ ಹೋದ ಮೇಲೆ ಕೌಸರ ಒಂದು ಮಾತು ಎತ್ತಿದಳು. ಹಳೆಯ ಮಾಲು ಕಣ್ಣೆದುರಿಗಿಲ್ಲ, ಬರಿಯ ಚೀಟಿ ನಂಬಿ ಯಾವತ್ತು ಕೆಲಸ ಮಾಡಿದ್ದೀರಿ, ಒಂದು ಫೋನು ಹಚ್ಚಿ ಅಳತೆ ಕೇಳಿದರೆ ಬಾಯಿ ಸವೆಯುತ್ತದೆಯೇ ಎಂದಳು. ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ಅವನಿಗೆ ಇನ್ನಷ್ಟು ಉರಿಯಿತು.

“ಅವನ್ನ ಕೇಳಿ ಕೆಲಸಾ ಮಾಡೂ ಹಂಗಿದ್ರ ಈ ಮಷೀನರ ಯಾಕ ತರ್ತಿದ್ದೆ? ನಾಲಿಗಿ ಕೊಯ್ಕೊಂಡೇನು, ಅವಗ ಫೋನ್ ಹಚ್ಚೂದಿಲ್ಲ.”

ಸಂಜೆಯವರೆಗೆ ಮಿಕ್ಸರ್ ಮುಟ್ಟಬೇಡ ಎಂದು ಅಪ್ಪಣೆ ಕೊಟ್ಟು ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡ.

ಆ ದಿನ ಅವನು ಮಾಡಿದ ಕೆಲಸ ನೋಡಬೇಕಿತ್ತು. ಸಣ್ಣ ಮಷೀನಿನಲ್ಲಿ ಉಕ್ಕು ತಿರುವುವುದೆಂದರೆ ಮೊಂಡ ಎತ್ತಿನ ಕೂಡ ಹೊಲ ಹೂಡಿದಂತೆ. ಹೆಚ್ಚು ಒತ್ತಿದರೆ ಮಷೀನೇ ನಡುಗುತ್ತದೆ, ಕಡಿಮೆ ಒತ್ತಿದರೆ ಟೂಲು ಬರಿದೆ ಉಜ್ಜಿ ಮೊಂಡಾಗುತ್ತದೆ. ಖಲಂದರ ಸರಳನ್ನು ಕಚ್ಚಿಸಿ, ಇನ್ನೊಂದು ತುದಿಗೆ ಆಸರೆ ಕೊಟ್ಟು, ಉಗುರಿನಷ್ಟು ತೆಗೆಯುವ ಕಡೆ ಕೂದಲಿನಷ್ಟೇ ತೆಗೆಯುತ್ತಾ ಹೋದ. ಬೇರಿಂಗು ಬೆರಳಿನಿಂದ ಒತ್ತಿದರೆ ಹೋಗಬಾರದು, ಕಟ್ಟಿಗೆಯ ಸುತ್ತಿಗೆಯಿಂದ ಎರಡೇಟು ಹಾಕಿದರೆ ಹೋಗಿ ಕೂಡಬೇಕು. ಎರಡೂ ತುದಿ ಹಾಗೆಯೇ ಬಂದವು. ಉದ್ದ ಗುರುತು ಮಾಡುವ ಹೊತ್ತಿಗೆ ಎಣ್ಣೆ ಡಬ್ಬಿಯ ಹಿಂದಿನಿಂದ ಅಪ್ಪನ ಪಟ್ಟಿ ತೆಗೆದ. ಒಂದು ಎಂಬ ಗೆರೆಯನ್ನು ತುದಿಗೆ ಹಿಡಿದು, ಒಂಬತ್ತು ದಾಟಿ ಮೂರನೆಯ ಸೂತಕ್ಕೆ ಗೀರು ಎಳೆದ. ಎರಡು ಸಲ ಹಿಡಿದು ನೋಡಿದ, ಎರಡು ಸಲವೂ ಅಲ್ಲಿಗೇ ಬಂತು. ಕತ್ತರಿಸಿದ.

ಮರುದಿನ ಬೆಳಿಗ್ಗೆ ಶಾಫ್ಟನ್ನು ಬಟ್ಟೆಯಲ್ಲಿ ಸುತ್ತಿ ಹೊರಟಾಗ ಚಮನಬಿ ಅದನ್ನು ಇಸಿದುಕೊಂಡು, ಏನೋ ಓದಿ ಅದರ ಮೇಲೆ ಊದಿ ಕೊಟ್ಟಳು. ಗಂಡನ ಮಾಲನ್ನೂ ಅವಳು ಹಾಗೆಯೇ ಕಳಿಸುತ್ತಿದ್ದಳು. ಕೂಡಿಸಿ ಬಂದು ಊಟ ಮಾಡು, ಆ ದೊಡ್ಡವನ ಹೊಟ್ಟೆ ಉರಿಯಲಿ ಎಂದು ಹರಸಿದಳು. ಖಲಂದರ ಬಸ್ಸು ಹತ್ತಿ ಅಕ್ಕಿಆಲೂರಿನಲ್ಲಿ ಇಳಿದ.

ಗಿರಣಿಯ ಅಂಗಳದಲ್ಲಿ ಹನ್ನೆರಡು ಟ್ರ್ಯಾಕ್ಟರು ನಿಂತಿದ್ದವು. ಹಮಾಲರು ಚೀಲದ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಖಲಂದರ ಯಾರನ್ನೂ ಮಾತಾಡಿಸದೆ ಜರಡಿಯ ಕೆಳಗೆ ತೂರಿ ಶಾಫ್ಟಿನ ಒಂದು ತುದಿಗೆ ಬೇರಿಂಗು ಬಡಿದು ಕೂಡಿಸಿದ. ಹೇಳಿ ಮಾಡಿಸಿದಂತೆ ಕೂತಿತು. ಇನ್ನೊಂದು ತುದಿಯನ್ನು ಎತ್ತಿ ಅದರ ಬೇರಿಂಗು ಕೂಡುವ ಮನೆಗೆ ಹಿಡಿದ. ಶಾಫ್ಟು ಮುಟ್ಟಲಿಲ್ಲ. ಎಳೆದ, ತಿರುಗಿಸಿದ, ಬೇರಿಂಗಿನ ಮನೆಯ ಬೋಲ್ಟು ಸಡಿಲಿಸಿ ಮತ್ತೆ ಹಿಡಿದ. ನಡುವೆ ಹೆಬ್ಬೆರಳು ಹೋಗುವಷ್ಟು ಸಂದು ಹಾಗೆಯೇ ಉಳಿಯಿತು.

ಕರಿಬಸಪ್ಪ ಬಗ್ಗಿ ನೋಡಿದ. ಅವನ ಸಿಟ್ಟು ಮೊದಲು ಮೂಗಿನಿಂದ ಬಂತು, ಆಮೇಲೆ ಬಾಯಿಂದ. ಟ್ರ್ಯಾಕ್ಟರಿನವರೆಲ್ಲ ಸುತ್ತ ನೆರೆದರು. ಖಲಂದರನಿಗೆ ಅದು ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಅಣ್ಣ ಬೇಕೆಂದೇ ತಪ್ಪು ಅಳತೆ ಬರೆದಿದ್ದಾನೆ ಎಂಬ ಒಂದೇ ಮಾತು ತಲೆಯಲ್ಲಿ ಕುದಿಯುತ್ತಿತ್ತು. ಅಷ್ಟರಲ್ಲಿ ಅಣ್ಣನೇ ಬಂದ. ಹಿಂದಿನ ಸಂಜೆ ಹುಬ್ಬಳ್ಳಿಯಿಂದ ಬಂದಿದ್ದ ಅವನಿಗೆ ಕರಿಬಸಪ್ಪ, ನಂಬಿಕೆ ಸಾಲದೆ, ಬೆಳಿಗ್ಗೆಯೇ ಫೋನ್ ಮಾಡಿ ಬರಹೇಳಿದ್ದ. ಕೈಚೀಲದಲ್ಲಿ ಮುರಿದ ಶಾಫ್ಟಿನ ಎರಡು ತುಂಡು. ನಾಲ್ಕು ವರ್ಷದ ಮೇಲೆ ಅಣ್ಣತಮ್ಮಂದಿರು ಒಂದು ಮೊಳದ ಅಂತರದಲ್ಲಿ ನಿಂತರು. ಸಲಾಮು ಯಾರ ಬಾಯಿಂದಲೂ ಬರಲಿಲ್ಲ.

ರಫೀಕ ತುಂಡುಗಳನ್ನು ನೆಲದ ಮೇಲೆ ಜೋಡಿಸಿದ. ಅಂಗಿಯ ಜೇಬಿನಿಂದ ಒಂದು ಪಟ್ಟಿ ತೆಗೆದ. ಹೊಳೆಯುವ, ನಾಲ್ಕು ಮೂಲೆಯೂ ಚೂಪಾಗಿರುವ ಪಟ್ಟಿ. ಅದರ ಸೊನ್ನೆಯನ್ನು ಶಾಫ್ಟಿನ ತುದಿಗೆ ಹಚ್ಚಿ ಹಿಡಿದ. ಹಳೆಯದು ಒಂಬತ್ತು ಇಂಚು ಮೂರು ಸೂತ.

ಖಲಂದರ ಆ ಸೊನ್ನೆಯನ್ನೇ ನೋಡಿದ. ಅಪ್ಪನ ಪಟ್ಟಿ ತನ್ನ ಶೆಡ್ಡಿನಲ್ಲಿದ್ದರೆ ಅಣ್ಣನ ಅಂಗಡಿಯಲ್ಲಿ ಎಲ್ಲಿಂದ ಇರಬೇಕು? ಅವನು ಹೊಸದು ತಂದಿದ್ದಾನೆ, ಹೊಸದಕ್ಕೆ ಸೊನ್ನೆ ಇರುತ್ತದೆ. ಕದ್ದವನಿಗೆ ನಾಲ್ಕು ವರ್ಷದಲ್ಲಿ ಒಂದು ಸಲವೂ ಇಷ್ಟು ಸಣ್ಣ ಮಾತು ಹೊಳೆದಿರಲಿಲ್ಲ. ಕದ್ದೆ ಎಂದು ಒಪ್ಪಿಕೊಂಡಿದ್ದರಲ್ಲವೇ ಹೊಳೆಯುವುದು.

ರಫೀಕ ಹೊಸ ಶಾಫ್ಟನ್ನು ಅಳೆದ. ಎಂಟು ಇಂಚು ಮೂರು ಸೂತ. ಇನ್ನೊಮ್ಮೆ ಅಳೆದ. ಹೆಚ್ಚಿಲ್ಲ, ಕಡಿಮೆಯಿಲ್ಲ, ಸರಿಯಾಗಿ ಒಂದೇ ಇಂಚು. ಕುಕ್ಕರಗಾಲಿನಲ್ಲಿ ಕುಳಿತವನು ಅಲ್ಲಿಂದಲೇ ತಲೆ ಎತ್ತಿ ತಮ್ಮನನ್ನು ನೋಡಿದ. ಬೈಯಲು ಬಂದಿದ್ದವನ ಮುಖ ತಣ್ಣಗಾಗಿತ್ತು.

“ಯಾವ ಪಟ್ಟಿಲೆ ಅಳದಿ?”

ಕರಿಬಸಪ್ಪನಿಗೆ ಆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಯಾವ ಪಟ್ಟಿಯಾದರೇನು, ಮಾಲು ಗಿಡ್ಡಾಗಿದೆಯಲ್ಲ ಎಂದು ಕೂಗಿದ. ರಫೀಕ ತಮ್ಮನ ಮೇಲಿನ ಕಣ್ಣು ಕೀಳಲಿಲ್ಲ. ಒಂಬತ್ತು ಎಂದು ಬರೆದದ್ದು ಎಂಟಾಗಿ ಇಳಿಯುವ ಪಟ್ಟಿ ದುನಿಯಾದಲ್ಲಿ ಒಂದೇ ಇದೆ ಎಂದು ಇಬ್ಬರಿಗೂ ಗೊತ್ತಿತ್ತು, ಅಲ್ಲಿದ್ದವರಲ್ಲಿ ಇಬ್ಬರಿಗೇ ಗೊತ್ತಿತ್ತು.

ಖಲಂದರನ ಮುಂದೆ ಎರಡು ದಾರಿ. ನಮ್ಮಲ್ಲಿ ಒಂದರಿಂದ ಅಳೆಯುತ್ತಾರೆ, ಅಪ್ಪನ ಪಟ್ಟಿಯಲ್ಲಿ ಅಳೆದೆ, ನನ್ನ ಕೈ ತಪ್ಪಿಲ್ಲ ಎನ್ನಬಹುದು. ಕೈಯ ಹೆಸರು ಉಳಿಯುತ್ತದೆ. ಆದರೆ ಇಷ್ಟು ಮಂದಿಯ ಮುಂದೆ ಆಡಿದ್ದು ಮಧ್ಯಾಹ್ನದ ಬಸ್ಸಿಗೆ ಹಾನಗಲ್ ಮುಟ್ಟುತ್ತದೆ, ಅವ್ವನ ತಲೆಯ ಮೇಲಿಟ್ಟ ಆಣೆ ಅಲ್ಲಿಗೇ ಬೆತ್ತಲಾಗುತ್ತದೆ. ಅಥವಾ ಕೈಯನ್ನೇ ಬಲಿ ಕೊಡಬೇಕು.

“ಒಂಬತ್ತು ಅನ್ನೂದನ್ನ ಎಂಟು ಅಂತ ಓದಿದೆ,” ಎಂದ.

ಹಮಾಲನೊಬ್ಬ ಕಿಸಕ್ಕನೆ ನಕ್ಕ. ಅಂಕಿ ಓದಲು ಬಾರದವನು ಶಾಫ್ಟು ಮಾಡಲು ಯಾಕೆ ಒಪ್ಪಿಕೊಂಡೆ ಎಂದು ಕರಿಬಸಪ್ಪ ಶಾಫ್ಟನ್ನು ಕಿತ್ತು ಹೊಟ್ಟಿನ ರಾಶಿಗೆ ಎಸೆದ. ಆಟಿಗಿ ಸಾಮಾನು ಎಂಬ ಮಾತು ಟ್ರ್ಯಾಕ್ಟರಿನಿಂದ ಟ್ರ್ಯಾಕ್ಟರಿಗೆ ಹೋಯಿತು. ಎರಡು ಇಂಚು ದಪ್ಪದ ಉಕ್ಕನ್ನು ಕೂದಲೆಳೆ ತಪ್ಪದೆ ತಿರುವಬಲ್ಲವನು, ಒಂದನೆಯ ಇಯತ್ತೆಯ ಮಗುವಿಗೂ ಬರುವ ಅಂಕಿ ತನಗೆ ಬಾರದೆಂದು ಒಪ್ಪಿಕೊಂಡು ಅಷ್ಟು ಜನರ ನಡುವೆ ನಿಂತಿದ್ದ.

ಹಾವೇರಿಯಲ್ಲಿ ಪರಿಚಯದವರ ಲೇತಿದೆ, ಸಂಜೆಯೊಳಗೆ ನಾನೇ ನಿಂತು ತಿರುವಿಸಿಕೊಂಡು ಬರುತ್ತೇನೆ ಎಂದು ರಫೀಕ ಕರಿಬಸಪ್ಪನಿಗೆ ಸಮಾಧಾನ ಹೇಳಿದ. ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡ. ಹೋಗುವಾಗ ತಮ್ಮನ ಪಕ್ಕಕ್ಕೆ ಬಂದು, ಅವನೊಬ್ಬನಿಗೇ ಕೇಳುವಂತೆ ಹೇಳಿದ:

“ಪಟ್ಟಿ ನೀನ ಇಟ್ಕೊ. ಅವ್ವನ್ನೂ ನೀನ ಇಟ್ಕೊ. ನಾ ಯಾರಿಗೂ ಹೇಳೂದಿಲ್ಲ. ಅಪ್ಪನ ಹೆಸರು ನನಗ ಬೇಕಾಗಿತ್ತು, ಇವತ್ತ ಅದನ್ನ ನಿನ್ನ ಬಾಯಿಲೆ ನೀನ ಕೊಟ್ಟಿ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಡೆದಿದ್ದರೆ ಹೊಡೆಯಬಹುದಿತ್ತು. ಖಲಂದರ ಹಾನಗಲ್ಲಿನ ಬಸ್ಸು ಹತ್ತಿದ.

ಮನೆಯಲ್ಲಿ ಚಮನಬಿ ಕಟ್ಟೆಯ ಮೇಲೆ ಕುಳಿತು ದಾರಿ ಕಾಯುತ್ತಿದ್ದಳು. ಶಾಫ್ಟು ಗಿಡ್ಡಾಯಿತು, ಅಂಕಿ ತಪ್ಪಿ ಓದಿದೆ ಎಂದು ಖಲಂದರ ಚಪ್ಪಲಿ ಬಿಡುತ್ತಲೇ ಹೇಳಿ ಮುಗಿಸಿದ. ಆ ಮನೆಯಲ್ಲಿ ಮಾತು ನಡೆಯುವುದು ಉರ್ದುವಿನಲ್ಲಿ, ಸಿಟ್ಟು ಬಂದರೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ. ಚಮನಬಿ ಕನ್ನಡಕ್ಕೆ ಬಂದಳು.

“ರಾಜೇಸಾಬನ ಮಗ ಅಂಕಿ ತಪ್ಪಿ ಓದೂದಂದ್ರೇನು? ತಾ ಆ ಚೀಟಿ.”

ಚೀಟಿ ಅವನ ಜೇಬಿನಲ್ಲೇ ಇತ್ತು. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು, ಹಿರಿಯ ಮಗನ ಪೆನ್ಸಿಲಿನ ಒತ್ತೂ ಗೊತ್ತಿತ್ತು. ಒಂಬತ್ತು ಒಂಬತ್ತಿನಂತೆಯೇ ಇದೆ, ಇದನ್ನು ನೀನು ತಪ್ಪಿ ಓದಲು ಸಾಧ್ಯವಿಲ್ಲ, ಅವನೇ ಬೇಕೆಂದು ಸುಳ್ಳು ಅಳತೆ ಬರೆದು ನಿನ್ನನ್ನು ಕೆಡವಿದ್ದಾನೆ, ನೀನು ಅಣ್ಣನ ಮಾನ ಕಾಯಲು ತಪ್ಪು ಮೈಮೇಲೆ ಹಾಕಿಕೊಂಡು ಬಂದಿದ್ದೀಯಾ ಎಂದಳು. ಖಲಂದರ ಸುಮ್ಮನಿದ್ದುದನ್ನು ಅವಳು ಒಪ್ಪಿಗೆ ಎಂದು ತಿಳಿದಳು. ಈಗಲೇ ಆ ಅಂಗಡಿಗೆ ಹೋಗಿ ಬಸ್ ಸ್ಟ್ಯಾಂಡಿನ ಮಂದಿಯ ಮುಂದೆ ಅವನ ನೀರಿಳಿಸುತ್ತೇನೆ ಎಂದು ಎದ್ದಳು. ಎದ್ದವಳು ಅಂಗಳದ ನಡುವೆ ನಿಂತು ಸೆರಗು ತಲೆಗೆ ಹೊದ್ದು ಎರಡೂ ಕೈ ಮೇಲಕ್ಕೆತ್ತಿದಳು. ಕೌಸರ ಒಲೆಯ ಹತ್ತಿರದಿಂದ ಓಡಿ ಬಂದಳು. ತಾಯಿ ಕೈ ಎತ್ತಿ ಶಪಿಸಿದರೆ ಅದು ನೆಲಕ್ಕೆ ಬೀಳುವುದಿಲ್ಲ ಎಂದು ನಂಬಿದ ಮನೆ ಅದು.

“ಯಾ ಅಲ್ಲಾ, ಯಾವ ಕೈ ಈ ಮೋಸಾ ಮಾಡೇತೋ, ಆ ಕೈ…”

“ಬ್ಯಾಡ ಅವ್ವ!”

ಖಲಂದರ ತನ್ನ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅಣ್ಣನ ಮೇಲಿನ ಮರುಕದಿಂದ ಅವನು ಕೂಗಲಿಲ್ಲ. ಅಂಥ ಮರುಕ ಅವನಲ್ಲಿ ಆಗಲೂ ಇರಲಿಲ್ಲ. ಕೈಯ ಭಯಕ್ಕೆ ಕೂಗಿದ. ಆ ಕೈ ಯಾರದೆಂದು ಅವನಿಗೂ ಮೇಲಿನವನಿಗೂ ಗೊತ್ತಿತ್ತು.

“ಅಪ್ಪನ ಪಟ್ಟಿ ನನ್ನ ಕಡೆ ಐತಿ. ಅದರಲೇ ಅಳದೆ. ಅದಕ್ಕ ಒಂದು ಇಂಚು ಕಮ್ಮಿ ಬಂತು.”

ಚಮನಬಿಯ ಕೈಗಳು ಎತ್ತಿದಲ್ಲೇ ನಿಂತವು. ನಲವತ್ತು ವರ್ಷ ಲೇತಿನವನ ಕೂಡ ಬಾಳಿದ ಹೆಂಗಸಿಗೆ ಒಂದರಿಂದ ಅಳೆಯುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾವಾಗಿನಿಂದ ಇದೆ ಎಂದಷ್ಟೇ ಕೇಳಿದಳು. ಅಂಗಡಿ ಬಿಟ್ಟ ದಿನದಿಂದ ಎಂದ. ಅವಳು ಕೈ ಇಳಿಸಿದಳು. ಮಗನ ಮುಖ ನೋಡಲಿಲ್ಲ, ಚೀಟಿಯ ಮೇಲಿನ ಪೆನ್ಸಿಲ್ ಅಕ್ಷರವನ್ನು ಹೆಬ್ಬೆರಳಿನಿಂದ ಸವರಿದಳು.

“ಅಫ್ಸಾನಾನ ಲಗ್ನಕ್ಕ ಕರ್ಯಾಕ ಬಂದಾಗ ಅವ ಈ ಹೊಸ್ತಿಲ ಹೊರಗ ನಿಂತಿದ್ದ,” ಎಂದಳು. “ಅವ್ವಾ, ಹುಡುಗಿ ತಲಿ ಮ್ಯಾಲೆ ಒಂದ ಸಲ ಕೈ ಇಟ್ಟು ಹೋಗು ಅಂದ. ನಾ ಕದಾ ಹಾಕ್ಕೊಂಡೆ. ಬಿಸಲಾಗ ನಿಂತಿದ್ದ, ಒಂದ ಗುಟುಕು ನೀರು ಸೈತ ಕೊಡಲಿಲ್ಲ.”

ಖಲಂದರ ಅವ್ವಾ ಎಂದು ಬಾಯಿ ತೆರೆದ. ಅವಳು ಒಳಗೆ ಹೋಗಿ ಬುರ್ಕಾ ಹಾಕಿಕೊಂಡು, ಗೂಡಿನಲ್ಲಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಬಂದಳು. ಬಾಗಿಲ ಹತ್ತಿರ ನಿಂತು ಸೊಸೆಯನ್ನು ಕೇಳಿದಳು:

“ಕೌಸರ, ರಫೀಕ ಹೊಸಾ ಮನಿ ಕಟ್ಟಿಸ್ಯಾನಂತಲ್ಲ, ಅದು ಯಾವ ಕಡೆ ಬರ್ತೈತಿ?”

“ನಾ ಬಿಟ್ಟು ಬರ್ತೇನಿ ನಡಿ,” ಎಂದ ಖಲಂದರ.

“ನಿನ್ನ ಬಾಯಿಲೆ ದಾರಿ ಕೇಳೂದಿಲ್ಲ ನಾ.”

ಕೌಸರ ಗಂಡನ ಕಡೆ ನೋಡದೆ ದಾರಿ ಹೇಳಿದಳು. ಮಸೀದಿ ದಾಟಿ, ಸಾಲಿಯ ಹಿಂದಿನ ಓಣಿ ಹಿಡಿದು, ನೀರಿನ ಟಾಕಿಯ ಹತ್ತಿರ ಎಡಕ್ಕೆ ಹೊರಳಿದರೆ ಮೂರನೆಯ ಮನೆ, ಹಸಿರು ಗೇಟು. ಚಮನಬಿಗೆ ಒಂದೇ ಸಲಕ್ಕೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡಳು. ಅರವತ್ತು ವರ್ಷ ಹಾನಗಲ್ಲಿನಲ್ಲೇ ಬಾಳಿದ ಆ ಮುದುಕಿ, ಪರವೂರಿನಿಂದ ಬಂದವಳಂತೆ, ಟಾಕಿಯ ಹತ್ತಿರ ಎಡಕ್ಕೆ, ಮೂರನೆಯ ಮನೆ ಎಂದು ಬಾಯಲ್ಲಿ ಒಪ್ಪಿಸಿಕೊಳ್ಳುತ್ತಾ ಮಗನ ಮನೆ ಹುಡುಕಿಕೊಂಡು ಹೊರಟಳು.